ಮೂರನೇ ಸಾಲಿನ ಮನುಷ್ಯ

ಹೆಂಡತಿ ಎಲ್ಲೇ ಹಾಡಲಿ, ಮೊದಲ ಸಾಲಿನ ನಟ್ಟನಡುವೆ ಅವನ ಕುರ್ಚಿ. ನಾಲ್ಕು ಜನ ನೋಡುವಂತೆ ತೊಡೆ ತಟ್ಟಿ ತಾಳ ಹಾಕುವುದು ಅವನ ಹೆಮ್ಮೆ. ಆದರೆ ಇತ್ತೀಚೆಗೆ ಹಾಡುವಾಗ ಅವಳ ದೃಷ್ಟಿ ಅವನ ತಲೆಯ ಮೇಲಿಂದ ಹಾದು ಹಿಂದಕ್ಕೆ ಹೋಗುತ್ತಿತ್ತು. ಒಮ್ಮೆ ತಿರುಗಿ ನೋಡಿದ. ಮೂರನೇ ಸಾಲಿನ ತುದಿಯಲ್ಲಿ ಒಬ್ಬ ಕನ್ನಡಕದ ಮನುಷ್ಯ. ಆಮೇಲಿನ ಪ್ರತಿ ಕಛೇರಿಯಲ್ಲೂ ಆತ ಅಲ್ಲೇ ಇದ್ದ.

"ಯಾರೇ ಅವನು?" ಸ್ಕೂಟರಿನಲ್ಲಿ ಕೇಳಿದ.

"ಯಾರು?"

"ಹಾಡ್ತಾ ಹಾಡ್ತಾ ಅವನನ್ನೇ ನೋಡ್ತಿದ್ದೆಯಲ್ಲ."

"ಹಾಡೋವಾಗ ಕಣ್ಣು ಎಲ್ಲಾದ್ರೂ ಇರ್ಬೇಕಲ್ಲ ರೀ."

ಮುಂದಿನ ಭಾನುವಾರ ಗ್ರಂಥಾಲಯದ ಅಂಗಳದಲ್ಲಿ ಕಛೇರಿಯಿತ್ತು. ಅವಳು ಒಳಗೆ ತಂಬೂರಿ ಶ್ರುತಿ ಮಾಡಿಕೊಳ್ಳುತ್ತಿದ್ದಾಗ ಅವನು ಹೋಗಿ ಆ ಮನುಷ್ಯನ ಪಕ್ಕದಲ್ಲೇ ಕೂತ. ಆತ ಓದುತ್ತಿದ್ದ ಪುಸ್ತಕ ಮುಚ್ಚಿ ನಕ್ಕ.

"ಎಲ್ಲಾ ಕಛೇರಿಗೂ ಬರ್ತೀರಲ್ಲ. ಅಷ್ಟೊಂದು ಸಂಗೀತದ ಹುಚ್ಚೋ?"

"ಮೇಡಂ ಫೋನ್ ಮಾಡಿ ಕರೀತಾರೆ ಸಾರ್. ಬರ್ತೀನಿ."

"ಇದೇ ಕುರ್ಚಿಗೆ?"

"ಹೌದು. ಅವರಿಗೆ ಕಾಣೋ ಹಾಗೆ ಕೂರ್ಬೇಕು."

ಅವನಿಗೆ ಮೈ ಉರಿಯಿತು. "ನಿಮಗೂ ಅವರಿಗೂ ಏನ್ರೀ ಸಂಬಂಧ?"

ಆತ ಅತ್ತಿತ್ತ ನೋಡಿ ದನಿ ತಗ್ಗಿಸಿದ. "ಒಂದೇ ಗುರುಗಳ ಹತ್ರ ಕಲಿತವರು ಸಾರ್. ಯಾರಿಗೂ ಹೇಳ್ಬೇಡಿ. ಮೊದಲನೇ ಸಾಲಲ್ಲಿ ಒಬ್ಬರು ಕೂರ್ತಾರೆ, ಇಲ್ಲಿಂದ ನನಗೆ ಬೆನ್ನಷ್ಟೇ ಕಾಣುತ್ತೆ. ಅವರು ತೊಡೆ ತಟ್ಟಿ ತಟ್ಟಿ ತಾಳ ತಪ್ಪಿಸಿಬಿಡ್ತಾರೆ, ಅದಕ್ಕೇ ಮೇಡಂ ನನ್ನ ಕೈ ನೋಡ್ಕೊಂಡು ಹಾಡ್ತಾರೆ."