ಟ್ಯಾಂಕಿನಲ್ಲಿ ಬಂದ ಗಂಗೆ

ಒಲೆ, ಹಾಸಿಗೆ, ಸಿಂಕು ಎಲ್ಲ ಇದ್ದ ಹಳೇ ವ್ಯಾನು ಕಾಶಿಯಿಂದ ಊರಿಗೆ ವಾಪಸಾಗುತ್ತಿತ್ತು. ಬೀದಿಯವರಿಗೆಲ್ಲ ಹಂಚಬೇಕೆಂದು ಅತ್ತೆ ಅದರ ನೀರಿನ ಟ್ಯಾಂಕಿನ ತುಂಬ ಗಂಗೆ ತುಂಬಿಸಿಕೊಂಡಿದ್ದರು. ಸಿಂಕಿನ ಪೈಪು ಮಾತ್ರ ದಾರಿಯುದ್ದಕ್ಕೂ ತೊಟ್ಟಿಕ್ಕುತ್ತಲೇ ಇತ್ತು. ಊರು ಹತ್ತಿರವಾದಾಗ ಅತ್ತೆ ಒಂದು ಪೆಟ್ರೋಲ್ ಬಂಕಿನ ಪಕ್ಕ ಚಹಾ ಕುಡಿಯಲು ಇಳಿದರು. ಅಳಿಯ ಸ್ಪ್ಯಾನರ್ ಹಿಡಿದು ಸಿಂಕಿನಡಿ ತೂರಿದ.

"ರೀ, ಯಾರಾದ್ರೂ ಪ್ಲಂಬರ್‌ನ ಕರೀಬಾರ್ದಾ?" ಎಂದಳು ಹೆಂಡತಿ.

"ಒಂದು ನಟ್ಟಿಗೆ ಪ್ಲಂಬರ್ ಯಾಕೆ?"

ನಟ್ಟು ಬಿಚ್ಚಿದ್ದೇ ತಡ, ನೀರು ಅವನ ಮುಖಕ್ಕೆ ರಾಚಿತು. ಮೊದಲು ವಾಲ್ವ್ ಬಂದ್ ಮಾಡಬೇಕಿತ್ತೆಂದು ಹೊಳೆಯುವಷ್ಟರಲ್ಲಿ ಟ್ಯಾಂಕು ಬರಿದಾಗಿತ್ತು.

"ಈಗ ಅಮ್ಮಂಗೆ ಏನು ಹೇಳ್ತೀರಿ?"

"ಹೇಳೋದೇನು ಬಂತು? ಆ ಬಂಕಿನ ನಲ್ಲಿ ಪೈಪ್ ಈ ಕಡೆ ಎಳಿ."

ನಟ್ಟು ಬಿಗಿದು ಟ್ಯಾಂಕು ತುಂಬಿಸಿ ತಿರುಗಿದರೆ, ಬೆನ್ನ ಹಿಂದೆಯೇ ಅತ್ತೆ. ಅವರು ಅಳಿಯನ ಕೈಯಲ್ಲಿದ್ದ ಪೈಪಿಗೆ ಬೊಗಸೆಯೊಡ್ಡಿ, ಒಂದು ಗುಟುಕು ಕುಡಿದು ಮುಖ ಕಿವಿಚಿದರು.

"ಗಂಗೆ ಪೂರ್ತಿ ಸೋರಿಹೋದ ಮೇಲೆ ನಾಗಪುರದ ಬಂಕಲ್ಲಿ ನಾನು ತುಂಬಿಸಿದ್ದ ನೀರೇ ವಾಸಿ ಇತ್ತು, ಅಳಿಯಂದ್ರೇ."