ಅಲ್ಲಾಡದ ನೆಲ

ಮೊದಲೆರಡು ಬಾಣಗಳೂ ಗುರಿ ತಪ್ಪಿ ಕೈಯಲ್ಲಿ ಒಂದೇ ಉಳಿದಾಗ ದೇವಕಿ ತಾಂಡೇಲ ಕಾಲಡಿಯ ನೆಲ ನೋಡಿದಳು. ಬೋರ್ಡಿನ ಹೊರಪಟ್ಟಿಯಲ್ಲಿ, ಹದಿನಾರರ ಮನೆಗೆ ಅದು ನಾಟಿದರೆ ಡಾರ್ಟ್ಸ್ ಫೈನಲ್ ಅವಳದು. ಗೆದ್ದ ತೇಲುನಾಡಿಗೆ ಮಳೆಗಾಲವಿಡೀ ಬಂದರಿನೊಳಗೆ ಲಂಗರು ಹಾಕುವ ಹಕ್ಕು. ಸೋತವರು ಹೊರಗಡಲಿನಲ್ಲೇ ತೂಫಾನಿಗೆ ಮೈಯೊಡ್ಡಬೇಕು.

ದೇವಕಿಯ ನಾಡು ತೇಲುಗಡ್ಡೆ. ಕಡಲು ಊರುಗಳನ್ನು ನುಂಗಿದ ಮೇಲೆ ಹಳೆಯ ದೋಣಿ, ಡ್ರಮ್ಮುಗಳನ್ನು ಬಿಗಿದು ಕಟ್ಟಿಕೊಂಡದ್ದು. ಒಟ್ಟು ಮೂವತ್ತೊಂದು ಜನ. ಎರಡು ಅಲೆ ಬಿಟ್ಟು, ಮೂರನೆಯದು ಕಾಲಡಿ ಏಳುವಾಗ ಬಾಣ ಎಸೆಯುವುದು ಅಲ್ಲಿನ ವಾಡಿಕೆ.

"ಎಂತಾಯ್ತೇ ಮಾರಾಯ್ತಿ?" ದಡದ ಸಭಾಂಗಣದ ಮುಂದಿನ ಸಾಲಿನಿಂದ ಅತ್ತೆ ರುಕ್ಮಾಬಾಯಿ ಕೂಗಿದರು.

"ನೆಲ ಅಲ್ಲಾಡ್ತಾನೇ ಇಲ್ಲ ಅತ್ತೆ! ಯಾವಾಗ ಎಸೀಬೇಕು ಅಂತ್ಲೇ ಗೊತ್ತಾಗ್ತಿಲ್ಲ."

"ಅಷ್ಟೇ ಅಲ್ವಾ!"

ಅತ್ತೆ ಸೆರಗು ಸಿಕ್ಕಿಸಿ ಎದ್ದು, ಎಡಕ್ಕೂ ಬಲಕ್ಕೂ ತೂಗತೊಡಗಿದರು. ತೇಲುಗಡ್ಡೆಯವರೆಲ್ಲ ಎದ್ದರು. ಏನೆಂದು ತಿಳಿಯದ ಉಳಿದವರೂ ಖುಷಿಗೆ ಎದ್ದು ತೂಗಿದರು. ಮೂರು ಸಾವಿರ ಜನರ ಭಾರಕ್ಕೆ ಸಭಾಂಗಣದ ಮರದ ನೆಲ ಕಿರುಗುಟ್ಟಿ, ಮೆಲ್ಲಗೆ ಅಲ್ಲಾಡಿತು. ದೇವಕಿಯ ಪಾದಗಳಿಗೆ ಗುರುತು ಹತ್ತಿತು. ಒಂದು. ಎರಡು. ಮೂರನೆಯದು ಏಳುತ್ತಿದ್ದಂತೆ ಎಸೆದಳು.

ಟಪ್! ಹದಿನಾರರ ನಟ್ಟನಡುವೆ.

ರೆಫರಿ ಬಾಯಿ ತೆರೆಯುವ ಮೊದಲೇ ದೇವಕಿ ಅವನ ಮೈಕು ಕಿತ್ತುಕೊಂಡಳು. ಬಂದರಿನ ಬಾಯಲ್ಲಿ, ನಾಡು ಕಾಯಲೆಂದು ಉಳಿದಿದ್ದ ಒಬ್ಬನೇ ಒಬ್ಬ ಪ್ರಜೆ, ಅವಳ ಗಂಡ, ಲಂಗರಿನ ಸರಪಳಿ ಹಿಡಿದು, ಪಂದ್ಯ ಬಿತ್ತರಿಸುತ್ತಿದ್ದ ರೇಡಿಯೋಗೆ ಕಿವಿಗೊಟ್ಟು ನಿಂತಿದ್ದ.

"ರೀ, ಲಂಗರು ಇಳಿಸಿ!"