ಚಿಕ್ಕತಾಯಮ್ಮನ ದೊಡ್ಡಪತ್ರೆ

ಕೆಳಮನೆಯ ವಿಮಲಾ ಮಾಮಿ ತಮ್ಮ ಬಾಗಿಲಲ್ಲಿ ತಂದಿಟ್ಟ ಕುಂಡವನ್ನು ನೋಡಿದ್ದೇ ಗುಂಡಣ್ಣ ಒಂದು ಹೆಜ್ಜೆ ಹಿಂದೆ ಸರಿದ. ತೀರಿಕೊಂಡ ಹೆಂಡತಿ ಚಿಕ್ಕತಾಯಮ್ಮನ ಕಾರ್ಯಕ್ಕೆಂದು ಊರಿಗೆ ಹೊರಟಾಗ ಅವನು ಮಾಮಿಗೆ ಒಪ್ಪಿಸಿದ್ದು ಅವಳೇ ನೆಟ್ಟ ದೊಡ್ಡಪತ್ರೆ ಗಿಡ. ಎಂಟಾಣೆಯಷ್ಟಗಲದ ದಪ್ಪ ಎಲೆ. ಬೇಸಿಗೆ ಕಳೆದು ವೇಲಚೇರಿಗೆ ಮರಳಿದರೆ ಇದರ ಎಲೆಯೋ ಅಂಗೈಯಗಲ, ತೆಳ್ಳಗೆ ಜೋಲುತ್ತಿದೆ. ನಾಳೆ ಅಮಾವಾಸ್ಯೆ. ಅವಳ ಗಿಡದ ಸೊಪ್ಪಿನದೇ ಚಟ್ನಿ ಮಾಡಿ ಅವಳಿಗೆ ಎಡೆ ಇಡುತ್ತೇನೆಂದು ದೇವರ ಮುಂದೆ ಹೇಳಿಕೊಂಡು ಬಂದಿದ್ದ.

"ಇಲೈ, ಇಲೈ!" ಎಂದು ಜೋರಾಗಿ ತಲೆಯಾಡಿಸಿದ.

ತಮಿಳಿನಲ್ಲಿ 'ಅಲ್ಲ' ಎನ್ನಲು 'ಇಲ್ಲೈ' ಎನ್ನಬೇಕು. 'ಇಲೈ' ಎಂದರೆ ಎಲೆ. ರೈಲ್ವೆ ಚಾಕರಿಯನ್ನೆಲ್ಲ ಈ ಊರಿನಲ್ಲೇ ಸವೆಸಿದರೂ ಗುಂಡಣ್ಣನ ನಾಲಿಗೆಗೆ ಆ ಒಂದು ಒತ್ತು ಹತ್ತಿರಲಿಲ್ಲ.

"ಆಮಾ, ಇಲೈ! ಪೆರಿಯ ಇಲೈ!" ಹೌದು, ದೊಡ್ಡ ಎಲೆ ಎಂದು ಮಾಮಿ ಹೆಮ್ಮೆಯಿಂದ ಅಂಗೈ ಅಗಲಿಸಿ ತೋರಿಸಿದರು.

"ಅಯ್ಯೋ, ಇದು ಇಲೈ ಮಾಮಿ!"

"ಇಲೈದಾನೇ! ಪೂವುನ್ನಾ ಸೊನ್ನೇನ್?"

ಒಳಗಿನಿಂದ ಮಾಮಿಯ ಸೊಸೆ ಊರ್ಮಿಳಾ ನಗುತ್ತ ಬಂದಳು. ಮೈಸೂರಿನ ಹುಡುಗಿ. "ಎಲೆನೇ ತಾನೆ, ಹೂವು ಅಂದೆನಾ ಅಂತ ಕೇಳ್ತಿದ್ದಾರೆ ನಮ್ಮತ್ತೆ. ಒಂದು ಒತ್ತು ಕೊಟ್ಟುಬಿಡಿ ಅಂಕಲ್, ಜಗಳ ಸರಿಯಾಗಿ ನಡೀಲಿ."

"ಒಣಗಿಹೋಯ್ತು ಅಂದಿದ್ದರೆ ಆಗ್ತಿತ್ತಲ್ಲಮ್ಮ. ಬೇರೆ ಗಿಡ ತಂದಿಟ್ಟು ಅವಳದೇ ಅಂದರೆ, ನಾಳೆ ಎಡೆಗೆ ನಾನು ಏನಿಡಲಿ?"

ಊರ್ಮಿಳಾ ನಗು ನಿಲ್ಲಿಸಿ, ಬಗ್ಗಿ ಸೊಪ್ಪನ್ನು ಸರಿಸಿದಳು. ಬುಡದಲ್ಲಿ ಎಂಟಾಣೆಯಗಲದ ಹಳೆಯ ಎಲೆಗಳು; ಅದೇ ಕಾಂಡದ ಮೇಲ್ಭಾಗದಲ್ಲಿ ಅಂಗೈಯಗಲದವು.

"ಬಿಸಿಲಿಗೆ ಸುಟ್ಟೀತು ಅಂತ ಅತ್ತೆ ಮೆಟ್ಟಿಲ ಕೆಳಗೆ ಇಟ್ಟಿದ್ದರು. ನೆರಳಲ್ಲಿ ಬೆಳಕು ಸಾಲದೆ ಹೊಸ ಎಲೆ ಅಗಲ ಮಾಡ್ಕೊಂಡಿದೆ, ಅಷ್ಟೇ. ನಾನೂ ಮೈಸೂರಲ್ಲಿ ಇಷ್ಟಗಲ ಇರಲಿಲ್ಲ. ಇವರ ಮನೆ ತುಪ್ಪ!"

ಗುಂಡಣ್ಣ ಕುಕ್ಕರುಗಾಲಿನಲ್ಲಿ ಕೂತು ಮೂಸಿ ನೋಡಿದ. ಅದೇ ಘಾಟು. ಮಾಮಿಗೆ ಕೈಮುಗಿದ, ಯಾಕೆಂದು ಅವರಿಗೆ ತಿಳಿಯಲಿಲ್ಲ. ಆಮೇಲೆ ಬುಡದ ಎಲೆಗೆ ಚಾಚಿದ ಕೈಯನ್ನು ಹಿಂತೆಗೆದು, ತುದಿಯ ಅಗಲದ ಎಲೆಗಳನ್ನು ಒಂದೊಂದಾಗಿ ಕೀಳತೊಡಗಿದ.

"ಕೆಳಗಿನವು ಆಂಟಿ ಇದ್ದಾಗಿನವಲ್ವಾ ಅಂಕಲ್? ಅವನ್ನೇ ತಗೊಳ್ಳಿ."

"ಅವನ್ನ ಅವಳು ನೋಡಿದ್ದಾಳಲ್ಲ ತಾಯಿ," ಎಂದ ಗುಂಡಣ್ಣ. "ಇವನ್ನ ನೋಡಿಲ್ಲ."